ಛತ್ರದ ಜಗಲಿಯ ಮೇಲೆ ನಮ್ಮಣ್ಣ

ನನಗೆ ಹೇಸಿಗೆಯಾಗುವ ಸಂಗತಿಗಳಿಗೆ ಈ ಊರಿನಲ್ಲಿ ಬರವಿಲ್ಲ. ಚರಂಡಿ ಕಲ್ಲಿನ ಮೇಲೆ ಕಾಲಿಟ್ಟುಕೊಂಡು ಪಾನಿಪೂರಿ ನುಂಗುವವರನ್ನು ಕಂಡರೆ ಹೊಟ್ಟೆ ತೊಳೆಸುತ್ತದೆ. ಸಿಟಿ ಬಸ್ಸಿನ ಕಿಟಕಿಯಿಂದ ಕೆಂಪಗೆ ಉಗಿದು, ಆಮೇಲೆ ಕೆಳಗೆ ಯಾರಾದರೂ ಇದ್ದರಾ ಅಂತ ಬಗ್ಗಿ ನೋಡುವವರನ್ನು ಕಂಡರೆ ಕಪಾಳಕ್ಕೆ ಒಂದು ಬಿಡೋಣ ಅನ್ನಿಸುತ್ತದೆ. ಈಚೆಗೆ ಇವರ ಜೊತೆಗೆ ಇನ್ನೊಂದು ಜಾತಿ ಸೇರಿಕೊಂಡಿದೆ. ಪಾಳುಬಿದ್ದ ಜಾಗಗಳನ್ನು ಹುಡುಕಿಕೊಂಡು ಹೋಗಿ, ಅಲ್ಲಿ ನಿಂತು, ಕಣ್ಣರಳಿಸಿ ವಿಡಿಯೋ ಮಾಡುವವರು. ಇವರಿಗಿಂತ ಆ ಉಗಿಯುವವರೇ ಎಷ್ಟೋ ವಾಸಿ.

ಲಷ್ಕರ್ ಮೊಹಲ್ಲಾದಲ್ಲಿ ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಅಂಗಡಿ ಅಂದರೆ ಒಂದು ಶಟರು, ಒಂದು ಮೇಜು, ಗೋಡೆ ತುಂಬ ಮೊಳೆ. ಪಕ್ಕದಲ್ಲಿ ಒಬ್ಬ ಟೈಲರ್ ಇದ್ದಾನೆ. ಇಬ್ಬರಿಗೂ ಒಂದೇ ವಯಸ್ಸು, ಮಧ್ಯಾಹ್ನ ಊಟವಾದ ಮೇಲೆ ಇಬ್ಬರಿಗೂ ಕೆಲಸ ಕಡಿಮೆ. ನಾನು ಆ ಹೊತ್ತಿನಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತೇನೆ. ಅವನು ಮೊಬೈಲನ್ನು ಹೊಲಿಗೆ ಮೆಷಿನ್ ಮೇಲೆ ನಿಲ್ಲಿಸಿಕೊಂಡು ಇಡೀ ಬೀದಿಗೆ ಕೇಳುವ ಹಾಗೆ ವಿಡಿಯೋ ಹಾಕುತ್ತಾನೆ. ಸೌಂಡು ಕಡಿಮೆ ಮಾಡಯ್ಯ ಅಂದರೆ, ನೀನೂ ಬಂದು ನೋಡು, ಒಂಚೂರು ಜ್ಞಾನ ಬರ್ತದೆ ಅನ್ನುತ್ತಾನೆ.

ಆಗ ಅವನಿಗೆ ಹಿಡಿದಿದ್ದ ಹುಚ್ಚು ಈ ಪಾಳು ಜಾಗಗಳದ್ದು. ಪ್ರಪಂಚದಲ್ಲಿ ನೀವು ಸಾಯೋದರೊಳಗೆ ನೋಡಲೇಬೇಕಾದ ವಿಚಿತ್ರ ಜಾಗಗಳು ಅಂತ ಒಬ್ಬ ಯುವಕ ದಿನಾ ಅರಚುತ್ತಿದ್ದ. ಜಪಾನಿನ ಕಡೆ ಸಮುದ್ರದ ಮಧ್ಯೆ ಒಂದು ದ್ವೀಪವಂತೆ. ಗಣಿ ಮುಚ್ಚಿತು, ಜನ ಗಂಟುಮೂಟೆ ಕಟ್ಟಿದರು, ಗೂಡಿನಂಥ ಮನೆಗಳಲ್ಲಿ ಟಿವಿಗಳು ಇದ್ದಲ್ಲೇ ಕೂತಿವೆ. ಆಫ್ರಿಕಾದ ಯಾವುದೋ ಮರುಭೂಮಿಯಲ್ಲಿ ವಜ್ರ ಸಿಗುತ್ತಿದ್ದ ಊರು, ಈಗ ನಡುಮನೆಯಲ್ಲಿ ಮೊಣಕಾಲುದ್ದ ಮರಳು. ಇನ್ನೆಲ್ಲೋ ಅಣುಸ್ಥಾವರ ಸಿಡಿದು ಜನ ಉಟ್ಟ ಬಟ್ಟೆಯಲ್ಲೇ ಓಡಿಹೋದ ಊರು. ಅಲ್ಲಿನ ಶಿಶುವಿಹಾರದ ನೆಲದ ಮೇಲೆ ಕಣ್ಣು ಕಿತ್ತುಹೋದ ಗೊಂಬೆಗಳು. ಅದನ್ನು ನೋಡೋದಕ್ಕೆ ಟಿಕೆಟ್ಟು, ಗೈಡು, ಕ್ಯೂ!

"ಎಷ್ಟು ಚೆನ್ನಾಗದೆ ನೋಡು," ಅಂದ ಟೈಲರ್.

ಚೆನ್ನಾಗಿದೆಯಂತೆ! ಯಾರದೋ ಮಗು ತಬ್ಬಿಕೊಂಡು ಮಲಗುತ್ತಿದ್ದ ಗೊಂಬೆ ಅದು. ಎತ್ತಿಕೊಳ್ಳೋದಕ್ಕೂ ಪುರುಸೊತ್ತಿಲ್ಲದೆ ಓಡಿದ್ದಾರೆ. "ಥೂ, ಬೇರೆಯವರು ಬಿಟ್ಟು ಓಡಿಹೋದ ಕಕ್ಕಸು ನೋಡೋಕೆ ವಿಮಾನ ಹತ್ಕೊಂಡು ಹೋಯ್ತಾರಲ್ಲ, ಇವರ ಮನೇಲೇನು ಕಕ್ಕಸಿಲ್ವಾ?" ಅಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ.

ಒಂದು ದಿನ ಅವನೇ ನಗಲಿಲ್ಲ. ಮೆಷಿನ್ನಿನಿಂದ ಎದ್ದು ಮೊಬೈಲ್ ಹಿಡಿದುಕೊಂಡು ನನ್ನ ಅಂಗಡಿಯ ಮೆಟ್ಟಿಲು ಹತ್ತಿದ. "ಇದು ನಮ್ಮ ಮಂಡಿ ಮೊಹಲ್ಲಾದ ಹಳೇ ಛತ್ರ ಅಲ್ವೇನಯ್ಯಾ?" ಅಂದ.

ಅದೇ ಛತ್ರ. ನಾನು ಹುಟ್ಟಿ ಬೆಳೆದದ್ದು ಅದರ ಹಿಂದಿನ ಬೀದಿಯಲ್ಲಿ. ನಮ್ಮ ಕಡೆಯವರ ಮದುವೆಗಳೆಲ್ಲ ಒಂದು ಕಾಲಕ್ಕೆ ಅಲ್ಲೇ ಆಗುತ್ತಿದ್ದವು, ನಮ್ಮಣ್ಣನದೂ ಅಲ್ಲೇ ಆದದ್ದು. ಆಮೇಲೆ ಛತ್ರದ ವಾರಸುದಾರರು ಒಬ್ಬರ ಮೇಲೊಬ್ಬರು ಕೇಸು ಹಾಕಿಕೊಂಡರು. ಬಾಗಿಲಿಗೆ ಸರಪಣಿ ಬಿತ್ತು. ವ್ಯಾಜ್ಯ ಇನ್ನೂ ನಡೆಯುತ್ತಲೇ ಇದೆ, ಹಾಕಿದವರಲ್ಲಿ ಅರ್ಧ ಜನ ಸತ್ತೂ ಹೋಗಿದ್ದಾರೆ. ಹಿಂದಿನ, ಕಸ ಸಾಗಿಸೋದಕ್ಕೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿ ಕಡೆಯ ಗೋಡೆ ಒಂದು ಮಳೆಗಾಲದಲ್ಲಿ ಕುಸಿಯಿತು. ಕುಸಿದದ್ದೇ ತಡ, ಒಳಗಿನ ಜಗಲಿ ಮೊಹಲ್ಲಾದ ಹಳೇ ದೇವರುಗಳ ಜಾಗವಾಯಿತು.

ಇದು ನಮ್ಮ ಜನರ ಒಂದು ರಿವಾಜು. ದೇವರ ಪಟ ಹಳತಾದರೆ, ಗೆದ್ದಲು ಹಿಡಿದರೆ, ಗಾಜು ಒಡೆದರೆ ಮನೆಯಲ್ಲಿಟ್ಟುಕೊಳ್ಳಬಾರದು. ಹಾಗಂತ ಕಸದ ಗಾಡಿಗೆ ಹಾಕೋದಕ್ಕೆ ಯಾರಿಗೂ ಕೈ ಬರುವುದಿಲ್ಲ. ಅರಳಿಕಟ್ಟೆಯ ಮೇಲೋ, ಯಾವುದಾದರೂ ಹಾಳು ಗುಡಿಯ ಬಾಗಿಲಲ್ಲೋ ಮೆಲ್ಲಗೆ ಒರಗಿಸಿ, ಕೈ ಮುಗಿದು, ಹಿಂತಿರುಗಿ ನೋಡದೆ ಬಂದುಬಿಡುತ್ತಾರೆ. ಸತ್ತವರ ಫೋಟೋಕ್ಕೂ ಅದೇ ದಾರಿ. ನಮ್ಮ ಮೊಹಲ್ಲಾಕ್ಕೆ ಈ ಛತ್ರದ ಜಗಲಿ ಸಿಕ್ಕಿತು. ಅಲ್ಲಿ ಇಡೋದರಲ್ಲಿ ಅಗೌರವ ಏನೂ ಇಲ್ಲ, ಹಾಗೆ ನೋಡಿದರೆ ಗೌರವಕ್ಕೇ ಅಲ್ಲಿಡೋದು. ಇದು ಬೆಂಗಳೂರಿನಿಂದ ಕ್ಯಾಮೆರಾ ತಂದವನಿಗೆ ಎಲ್ಲಿ ಅರ್ಥವಾಗಬೇಕು?

ದಿನಾ ಅರಚುತ್ತಿದ್ದ ಆ ಯುವಕ ಇದರಲ್ಲಿ ಪಿಸುಗುಟ್ಟುತ್ತಿದ್ದ. ಹಿಂದೆ ಯಾವುದೋ ಕೆಟ್ಟ ಸಂಗೀತ. "ಫ್ರೆಂಡ್ಸ್, ಮೈಸೂರಿನ ಮಧ್ಯದಲ್ಲೇ ಇರೋ ಶಾಪಗ್ರಸ್ತ ಮನೆ ಇದು. ಇಲ್ಲಿ ದೇವರುಗಳೇ ಸೋತು ಬಿದ್ದಿದಾವೆ. ಯಾಕೆ ಗೊತ್ತಾ? ಇವನಿಂದ." ಕ್ಯಾಮೆರಾ ಮೆಲ್ಲಗೆ ತಿರುಗಿ ಒಂದು ಫೋಟೋದ ಮೇಲೆ ನಿಂತಿತು. ಗಾಜು ಒಡೆದಿತ್ತು. ಒಡಕಿನ ಹಿಂದೆ ತುಂಬು ಮೀಸೆ, ಅರ್ಧ ನಗು, ಬಿಳೀ ಷರಟು. "ಇವನು ಈ ಛತ್ರದ ಅಡುಗೆಯವನು. ಮದುವೆ ಊಟಕ್ಕೆ ವಿಷ ಬೆರೆಸಿ, ಅದೇ ಅಡುಗೆಮನೇಲಿ ನೇಣು ಹಾಕ್ಕೊಂಡ. ಇವನ ಆತ್ಮ ಇವತ್ತಿಗೂ ಇಲ್ಲೇ ಅಲೀತಿದೆ."

ನಮ್ಮಣ್ಣ. ನನ್ನ ಒಡಹುಟ್ಟಿದ ಅಣ್ಣ.

ಮೈಯೆಲ್ಲ ಉರಿದುಹೋಯಿತು. ಅಣ್ಣ ಜನ್ಮದಲ್ಲಿ ಒಂದು ಲೋಟ ಟೀ ಕಾಯಿಸಿದವನಲ್ಲ, ಅವನನ್ನು ಅಡುಗೆಯವನು ಮಾಡಿದ್ದಾನೆ. ಅವನು ಈರುಳ್ಳಿ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ಹಮಾಲಿಗಳಿಂದ ಹಿಡಿದು ಸಾಹುಕಾರರವರೆಗೆ ಎಲ್ಲರಿಗೂ ಅವನು ಬೇಕು. ಎಂಥ ಜಗಳವನ್ನಾದರೂ ಒಂದು ತಮಾಷೆ ಮಾತಿನಲ್ಲಿ ಮುಗಿಸಿಬಿಡುತ್ತಿದ್ದ. ದಸರಾ ದೀಪ ತೋರಿಸೋದಕ್ಕೆ ನನ್ನನ್ನು ಸೈಕಲ್ ಮುಂದೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದವನು ಅವನೇ. ಈ ಕಸುಬಿಗೆ ನನ್ನನ್ನು ಹಚ್ಚಿದವನೂ ಅವನೇ. ಕೆಲವು ವರ್ಷಗಳ ಹಿಂದೆ ಮಂಡಿಯಲ್ಲೇ ಎದೆ ಹಿಡಿದುಕೊಂಡು ಮೂಟೆಗಳ ಮೇಲೆ ಕುಸಿದ. ಸಂಜೆ ಹೊತ್ತು ಒಂದೆರಡು ಪೆಗ್ಗು ಹಾಕುತ್ತಿದ್ದ, ಅದನ್ನು ಯಾರು ಹಾಕಲ್ಲ? ಆ ಫೋಟೋಕ್ಕೆ ಕಟ್ಟು ಹಾಕಿದ್ದು ನಾನು. ಅಂಗಡಿಯಲ್ಲಿದ್ದ ಅತ್ಯುತ್ತಮ ತೇಗದ ಪಟ್ಟಿ ಹಾಕಿದ್ದೆ. ಗಾಜು ಒರೆಸುವಾಗ ಕಣ್ಣೀರು ಬಿದ್ದು ಮತ್ತೆ ಮತ್ತೆ ಒರೆಸಬೇಕಾಗಿತ್ತು.

ಟೈಲರ್ ಹೆಗಲ ಮೇಲೆ ಕೈಯಿಟ್ಟು, "ಹೋಗ್ಲಿ ಬುಡಯ್ಯಾ, ಯಾವನೋ ಬೇವರ್ಸಿ," ಅಂದ. ಬಿಡೋದು ಹೇಗೆ? ಪಿತೃಪಕ್ಷ ಹತ್ತಿರ ಬರುತ್ತಿತ್ತು. ವರ್ಷಕ್ಕೊಂದು ಸಲ ಎಡೆ ಇಟ್ಟು ಕರೆದರೆ ಹಿರಿಯರು ಬಂದು ಉಂಡು ಹೋಗುತ್ತಾರೆ ಅಂತ ನಂಬಿದವರು ನಾವು. ಅವನ ಮನೆಯಲ್ಲಿ, ಅವನ ಗೋಡೆಯ ಮೇಲೆ ಅವನಿರಬೇಕು, ಅವನ ಮುಂದೆ ಎಡೆ ಬೀಳಬೇಕು. ಅಷ್ಟು ಮಾಡದಿದ್ದರೆ ನಾನು ತಮ್ಮನಾಗಿದ್ದು ದಂಡ ಅನ್ನಿಸಿತು. ಶಟರು ಅರ್ಧ ಎಳೆದು ಸ್ಕೂಟರ್ ಹತ್ತಿದೆ.

ಅತ್ತಿಗೆ ಮಂಡಿ ಮೊಹಲ್ಲಾದ ಅದೇ ಹಳೇ ಮನೆಯ ಮಹಡಿಯಲ್ಲಿದ್ದಾರೆ. ಮಕ್ಕಳಿಲ್ಲ. ಕೆಳಗಿನದನ್ನು ಬೆಳ್ಳುಳ್ಳಿ ಗೋಡೌನಿಗೆ ಬಾಡಿಗೆ ಕೊಟ್ಟಿದ್ದಾರೆ. ಅಣ್ಣ ಹೋದ ಮೇಲೆ ಸೀರೆಗೆ ಕುಚ್ಚು ಕಟ್ಟೋದು ಕಲಿತರು, ಈಗ ಬೇರೆ ಹೆಂಗಸರಿಗೂ ಕಲಿಸುತ್ತಾರೆ. ಯಾವಾಗ ಹೋದರೂ ಮನೆ ತುಂಬ ರೇಷ್ಮೆ ದಾರ, ಹರಟೆ, ನಗು. ಮನೆಗೆ ಗುಲಾಬಿ ಬಣ್ಣ ಹೊಡೆಸಿದ್ದರು. ಬಣ್ಣ ಹೊಡೆಸುವಾಗ ಫೋಟೋ ಅಟ್ಟದ ಮೇಲಿಟ್ಟಿದೀನಿ ಅಂದಿದ್ದರು, ಹೋದ ಪಿತೃಪಕ್ಷದಲ್ಲೂ ಅದನ್ನೇ ಹೇಳಿ ಬರೀ ಕಳಶ ಇಟ್ಟು ಮುಗಿಸಿದ್ದರು. ನಾನು ನಂಬಿದ್ದೆ.

ಮೊಬೈಲನ್ನು ಅವರ ಮುಂದೆ ಹಿಡಿದೆ. ಅತ್ತಿಗೆ ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿದರು. ಕೈಯಲ್ಲಿದ್ದ ದಾರ ಹಾಗೇ ಇತ್ತು.

"ಹೂಂ, ನಿಮ್ಮಣ್ಣಂದೇ," ಅಂದರು. "ನಾನೇ ಇಟ್ಟು ಬಂದೆ ಕಣಪ್ಪ. ಗಾಜು ಒಡೆದಿತ್ತು. ಒಡೆದ ಗಾಜು ಮನೇಲಿಡಬಾರದಲ್ಲ."

"ಅತ್ತಿಗೆ, ಗಾಜು ಹಾಕೋನು ನಾನೊಬ್ಬ ಬದುಕೇ ಇದೀನಲ್ಲ! ಒಂದು ಫೋನ್ ಮಾಡಿದ್ರೆ ಬಂದು ತಗೊಂಡು ಹೋಗಿ ಹಾಕ್ಕೊಡ್ತಿರಲಿಲ್ವಾ?"

"ನಿಂಗ್ಯಾಕೆ ತೊಂದರೆ ಅಂತ."

"ನಾಕು ಮೊಳೆ ಕೀಳೋದು ಒಂದು ತೊಂದರೆನಾ? ಊರೋರ ಮನೆ ಫೋಟೋಗಳಿಗೆಲ್ಲ ಗಾಜು ಹಾಕ್ತೀನಿ, ನಮ್ಮಣ್ಣಂದಕ್ಕೆ ಹಾಕಲ್ವಾ?"

ಅತ್ತಿಗೆ ದಾರ ಕೆಳಗಿಟ್ಟು, "ಕಾಫಿ ಕುಡೀತೀಯಾ?" ಅಂದರು. ನನಗೆ ಕಾಫಿ ಬೇಡವಾಗಿತ್ತು. ನಾನು ಹೋಗಿ ತರ್ತೀನಿ, ಹೊಸ ಗಾಜು ಹಾಕಿ ಇದೇ ಗೋಡೆಗೆ ತಗುಲಿಸ್ತೀನಿ, ಎಡೆ ಹೊತ್ತಿಗೆ ಅಣ್ಣ ಇಲ್ಲಿರಬೇಕು ಅಂತ ಒಂದೇ ಉಸಿರಿಗೆ ಹೇಳಿದೆ. "ಹೋದದ್ದು ಹೋಯ್ತು, ಬುಡಪ್ಪಾ," ಅಂದರು. ಪಾಪ, ನನಗೆ ಕೆಲಸ ಕೊಡಬಾರದು ಅಂತ ಸಂಕೋಚ ಪಡುತ್ತಿದ್ದಾರೆ ಅಂದುಕೊಂಡು ಮೆಟ್ಟಿಲಿಳಿದೆ.

ಛತ್ರದ ಹಿಂದಿನ ಗಲ್ಲಿಗೆ ಹೋದರೆ ಅಲ್ಲಿ ವಿಡಿಯೋ ನೋಡಿ ಬಂದವರದೇ ಒಂದು ಜಾತ್ರೆ. ಬೇರೆ ಊರಿನ ನಂಬರಿನ ಬೈಕುಗಳು, ಎಳನೀರಿನ ಗಾಡಿ, ಗೋಡೆಯ ಬುಡದಲ್ಲಿ ಸಾಲಾಗಿ ಉಚ್ಚೆ ಹೊಯ್ದ ಗುರುತು. ಆ ಮೊಹಲ್ಲಾದಲ್ಲಿ ಹುಟ್ಟಿದವನು ನಾನು, ಆ ಗಲ್ಲಿಯಲ್ಲಿ ಗೋಲಿ ಆಡಿದವನು. ಮೂಗು ಮುಚ್ಚಿಕೊಂಡು ಹೋಗಬೇಕಾಯಿತು. ಕುಸಿದ ಗೋಡೆ ದಾಟಿದರೆ ಬಾವಲಿ ಹಿಕ್ಕೆಯ ಘಾಟು, ಕೊಳೆತ ಊಟದ ಪ್ಯಾಕೆಟ್ಟು, ಒಡೆದ ಬಿಯರ್ ಬಾಟಲಿ. ಕಾಲಿಟ್ಟ ಕಡೆ ಏನೋ ಮೆತ್ತಗಾಯಿತು. ಚಪ್ಪಲಿ ಎತ್ತಿ ನೋಡುವ ಧೈರ್ಯವಾಗಲಿಲ್ಲ.

ಜಗಲಿಯ ತುಂಬ ದೇವರು. ಗೆದ್ದಲು ಅರ್ಧ ಮುಖ ತಿಂದ ಲಕ್ಷ್ಮಿ, ನೀರು ಇಳಿದು ನಾಮ ಕದಡಿಹೋದ ತಿಮ್ಮಪ್ಪ, ಸೊಂಡಿಲು ಮುರಿದ ಗಣೇಶಗಳು. ಅವುಗಳ ನಡುವೆ ಪೇಟ ಸುತ್ತಿದ ಅಜ್ಜಂದಿರು, ಮೂಗುಬೊಟ್ಟಿನ ಅಜ್ಜಿಯರು. ಕೆಲವು ಕಟ್ಟುಗಳು ನನ್ನ ಕೈಯವೇ, ಮೂಲೆ ನೋಡಿದರೆ ಗೊತ್ತಾಗುತ್ತದೆ. ಒಬ್ಬ ಹುಡುಗಿ ಆ ಅಜ್ಜಂದಿರ ನಡುವೆ ನೆಲದ ಮೇಲೆ ಮಲಗಿ, ಕೂದಲು ಹರಡಿ, ಸತ್ತವಳ ಹಾಗೆ ಕಣ್ಣು ಮುಚ್ಚಿದ್ದಳು. ಅವಳ ಸ್ನೇಹಿತ ಮೇಲಿನಿಂದ ಫೋಟೋ ತೆಗೆಯುತ್ತಾ, "ಇನ್ನೊಂಚೂರು ಕತ್ತು ಸೊಟ್ಟ ಮಾಡು," ಅನ್ನುತ್ತಿದ್ದ. ಥೂ ನಿಮ್ಮ ಜನ್ಮಕ್ಕೆ!

ಅಣ್ಣನನ್ನು ಒಂದು ಮುರುಕಲು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ್ದರು. ಹಣೆಗೆ ಕೆಂಪು ಬಣ್ಣ ಬಳಿದಿದ್ದರು, ಅದು ಗಾಜಿನ ಒಡಕಿನಲ್ಲಿ ಇಳಿದು ಮೀಸೆಯವರೆಗೆ ಬಂದಿತ್ತು. ಕೊರಳಿಗೆ ನಿಂಬೆಹಣ್ಣು ಮೆಣಸಿನಕಾಯಿ ಸರ, ಮುಂದೆ ಊದುಬತ್ತಿಯ ಬದಲಿಗೆ ಸಿಕ್ಕಿಸಿದ ಸಿಗರೇಟುಗಳು, ಯಾರೋ ಕುಡಿದು ಮಿಗಿಸಿದ ಕ್ವಾರ್ಟರ್ ಬಾಟಲಿ. ನಿಂಬೆಹಣ್ಣು ಕೊಳೆತು ಇರುವೆ ಮುತ್ತಿದ್ದವು. ನಾನು ನೋಡುತ್ತಿದ್ದ ಹಾಗೆಯೇ ಒಬ್ಬ ಬಂದು, ಅವನ ಮುಖದ ಪಕ್ಕ ತನ್ನ ಮುಖ ಇಟ್ಟು, ನಾಲಿಗೆ ಚಾಚಿ ಸೆಲ್ಫಿ ತೆಗೆದುಕೊಂಡ.

"ಎತ್ತೋ ಕೈಯ!" ಅಂತ ಕಿರುಚಿದೆ. ಗುಂಪು ತಿರುಗಿತು. ವಿಡಿಯೋದ ಯುವಕನೂ ಅಲ್ಲೇ ಇದ್ದ, ಕೈಯಲ್ಲಿ ತುಪ್ಪಟ ಸುತ್ತಿದ ಮೈಕು. ನೋಡೋದಕ್ಕೆ ಒಳ್ಳೇ ಮನೆಯವನ ಹಾಗೇ ಇದ್ದ, ಅದು ಇನ್ನೂ ಅಸಹ್ಯವಾಯಿತು. "ಅಂಕಲ್, ಅದನ್ನ ಮುಟ್ಟಬೇಡಿ, ಒಳ್ಳೇದಲ್ಲ," ಅಂದ.

"ನಮ್ಮಣ್ಣ ಕಣಯ್ಯಾ ಇದು! ಈರುಳ್ಳಿ ಮಂಡಿ ರೈಟರ್! ಅಡುಗೆಯೋನು ಅಂತೆ, ವಿಷ ಹಾಕಿದನಂತೆ! ಒಂದು ಇರುವೇನೂ ನೋಯಿಸಿದೋನಲ್ಲ ನಮ್ಮಣ್ಣ, ಗೊತ್ತಾ ನಿಂಗೆ?"

ಅವನ ಮುಖ ಅರಳಿತು. ನಿಜಕ್ಕೂ ಅರಳಿತು. "ಸೂಪರ್ ಅಂಕಲ್! ಇದನ್ನೇ ಇಲ್ಲಿ ನಿಂತ್ಕೊಂಡು ಇನ್ನೊಂದ್ಸಲ ಹೇಳಿ. ಕೋಪ ಹಂಗೇ ಇರಲಿ. ಫೋಟೋನ ಎದೆಗೆ ಹಿಡ್ಕೊಳ್ಳಿ."

ಇಂಥವನಿಗೆ ಬಯ್ಯೋದಾದರೂ ಹೇಗೆ? ಬೈಗುಳವನ್ನೂ ಅವನು ಮಾರಿಕೊಳ್ಳುತ್ತಾನೆ. ನಿಂಬೆಹಣ್ಣಿನ ಸರ ಕಿತ್ತು ಅವನ ಷೂ ಮೇಲೆ ಎಸೆದು, ಫೋಟೋ ಕಂಕುಳಲ್ಲಿ ಇರುಕಿಕೊಂಡು ಹೊರಟೆ. ಗೋಡೆ ದಾಟುವವರೆಗೂ ಅವನು ನನ್ನ ಬೆನ್ನನ್ನು ವಿಡಿಯೋ ಮಾಡುತ್ತಲೇ ಇದ್ದ.

ಅಂಗಡಿಗೆ ಬಂದು ಮೊದಲು ಕೈ ತೊಳೆದೆ, ಆಮೇಲೆ ಚಪ್ಪಲಿ, ಆಮೇಲೆ ಮತ್ತೆ ಕೈ. ಹಾಳೆ ಹಾಸಿ ಅಣ್ಣನನ್ನು ಬೋರಲು ಮಲಗಿಸಿ ಮೊಳೆ ಕಿತ್ತೆ. ಕಟ್ಟು ಗಟ್ಟಿಯಾಗಿತ್ತು, ಒಂದು ಮೂಲೆಯೂ ಬಿಟ್ಟಿರಲಿಲ್ಲ. ಗೋಡೆಯಿಂದ ಬಿದ್ದ ಫೋಟೋ ಮೂಲೆ ಬಿಡುತ್ತದೆ. ಇದರ ಗಾಜು ಮಾತ್ರ ನಟ್ಟ ನಡುವೆ, ಅಣ್ಣನ ಮುಖದ ಮೇಲೆಯೇ ಏಟು ಬಿದ್ದು ಸುತ್ತಲೂ ಸೀಳಿತ್ತು. "ಕಲ್ಲಲ್ಲಿ ಹೊಡೆದವ್ರೆ ನೋಡು, ಪಿಶಾಚಿಗಳು," ಅಂದೆ. ಟೈಲರ್ ಬಗ್ಗಿ ನೋಡಿ, "ಮೊದಲನೇ ವಿಡಿಯೋದಲ್ಲೇ ಹಿಂಗೇ ಇತ್ತಲ್ವಾ?" ಅಂದ. ಅದಕ್ಕೂ ಮೊದಲು ಯಾವನೋ ಹೊಡೆದಿರ್ತಾನೆ ಬಿಡು ಅಂತ ಅವನ ಬಾಯಿ ಮುಚ್ಚಿಸಿದೆ. ಪಟದ ಮೇಲಿಳಿದಿದ್ದ ಕೆಂಪು ಬಣ್ಣ ಒರೆಸಿ ತೆಗೆದು, ಕಟ್ಟಿಗೆ ಪಾಲಿಷ್ ಹಚ್ಚಿದೆ. ಕಲೆ ಇಲ್ಲದ ಗಾಜು ಆರಿಸಿ ಕೊಯ್ದೆ. ಅಣ್ಣ ಮತ್ತೆ ನಕ್ಕ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದೆ. ಸಾರು ಬಡಿಸುತ್ತಾ, "ಫೋಟೋ ಬೇಕಾ ಅಂತ ಅಕ್ಕನ್ನ ಒಂದ್ಮಾತು ಕೇಳಿದ್ರಾ?" ಅಂದಳು. ಅವಳು ಅತ್ತಿಗೆಯನ್ನು ಅಕ್ಕ ಅನ್ನೋದು.

"ಕೇಳೋದೇನದೆ ಅದ್ರಲ್ಲಿ? ಗಂಡನ ಫೋಟೋ."

ಅವಳು ನನ್ನ ತಟ್ಟೆಗೆ ಮತ್ತೊಂದು ಸೌಟು ಸಾರು ಹಾಕಿ ಒಳಗೆ ಹೋದಳು.

ಮಾರನೆಯ ದಿನ ಫೋಟೋವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಜೇಬಿನಲ್ಲಿ ಮೊಳೆ, ಕೈಯಲ್ಲಿ ಸುತ್ತಿಗೆ ಹಿಡಿದು ಅತ್ತಿಗೆಯ ಮಹಡಿ ಹತ್ತಿದೆ. ಕುಚ್ಚು ಕಲಿಯುವ ಹೆಂಗಸರು ಊಟಕ್ಕೆ ಹೋಗಿದ್ದರು. ಅತ್ತಿಗೆ ಒಬ್ಬರೇ ಚಾಪೆಯ ಮೇಲೆ ಕೂತು ಹಸಿರು ಸೀರೆಯ ಸೆರಗು ಬಿಡಿಸುತ್ತಿದ್ದರು. ಬೆಡ್‌ಶೀಟ್ ಬಿಚ್ಚಿ ಅಣ್ಣನನ್ನು ಗೋಡೆಗೆ ಒರಗಿಸಿದೆ. ಹೇಗಿದೆ ಹೇಳಿ ಅಂದೆ. ಅವರು ನೋಡಿದರು, ಏನೂ ಹೇಳಲಿಲ್ಲ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಅಂದುಕೊಂಡೆ ನಾನು, ದಡ್ಡ ಶಿಖಾಮಣಿ.

ಹಳೇ ಮೊಳೆ ಹುಡುಕಿದೆ. ಇರಲಿಲ್ಲ. ತೂತನ್ನು ಪುಟ್ಟಿ ಹಾಕಿ ಮುಚ್ಚಿ ಮೇಲೆ ಗುಲಾಬಿ ಬಣ್ಣ ಹೊಡೆದಿದ್ದರು, ಬೆರಳಾಡಿಸಿದರೂ ಸಿಗಲಿಲ್ಲ. "ಪೇಂಟರ್‌ಗೆ ಬುದ್ಧಿ ಇಲ್ಲ," ಅಂತ ಬಯ್ದುಕೊಂಡು ಹೊಸ ಮೊಳೆ ಇಟ್ಟು ಸುತ್ತಿಗೆ ಎತ್ತಿದೆ.

"ಮೊಳೆ ಹೊಡೀಬೇಡ," ಅಂದರು ಅತ್ತಿಗೆ.

"ಬಣ್ಣ ಏನೂ ಹೋಗಲ್ಲ ಅತ್ತಿಗೆ, ನಾನು ಮೆಲ್ಲಗೆ..."

"ಹೊಡೀಬೇಡ ಅಂದೆನಲ್ಲ. ಆ ಗಾಜು ಒಡೆದೋಳು ನಾನೇ."

ಸುತ್ತಿಗೆ ಕೆಳಗಿಳಿಸಿದೆ. ಕೈಜಾರಿ ಬಿತ್ತು ಅಂತಿದ್ದೀರಾ, ಅಂತ ಕೇಳಿದೆ. ಕೇಳುವಾಗಲೇ ಆ ನಟ್ಟ ನಡುವಿನ ಏಟು ಕಣ್ಣ ಮುಂದೆ ಬಂತು.

"ಕೈಜಾರಿ ಅಲ್ಲ. ಕೆಳಗಿಳಿಸಿ, ನೆಲದ ಮೇಲೆ ಮಲಗಿಸಿ, ಕುಟ್ಟಾಣಿ ಗುಂಡು ತಗೊಂಡು ಹೊಡೆದೆ." ಸೀರೆಯ ದಾರಗಳನ್ನು ಬಿಡಿಸುತ್ತಲೇ ಹೇಳಿದರು. "ಸುಮ್ನೆ ಇಳಿಸಿ ಇಡೋಕಾಗ್ತದಾ? ಗಂಡನ ಫೋಟೋ ಇಳಿಸಿಬುಟ್ಟಳು ಅಂತ ಮೊಹಲ್ಲಾ ಪೂರ್ತಿ ಬಾಯಿಗೆ ಬಂದಂಗೆ ಆಡ್ಕೊಳ್ಳೋರು. ನೀನೂ ಬಂದು ಕೂಗಾಡ್ತಿದ್ದೆ. ಒಡೆದ ಗಾಜು ಅಂದ್ರೆ ಯಾರೂ ಏನೂ ಕೇಳಲ್ಲ. ಅದಕ್ಕೆ ಒಡೆದೆ. ನಿನ್ನ ಅಂಗಡಿಗೆ ತಂದಿದ್ರೆ ನೀನು ಹೊಸ ಗಾಜು ಹಾಕಿ ವಾಪಸ್ ತಂದು ತಗುಲಿಸಿಬುಡ್ತಿದ್ದೆ. ಈಗ ತಂದಿದೀಯಲ್ಲ, ಹಂಗೇ."

"ಯಾಕೆ ಅತ್ತಿಗೆ?"

ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ಹಾಲು ಉಕ್ಕಿದ್ರೆ ಒಲೆ ಆರಿಸೋದು ಬಿಟ್ಟು ಮೊದಲು ಗೋಡೆ ಕಡೆ ನೋಡ್ತಿದ್ದೆ. ಸತ್ತು ವರ್ಷಗಳಾದ್ರೂ. ಬಾಗಿಲು ದಬ್ ಅಂದ್ರೆ ನೋಡ್ತಿದ್ದೆ. ಲೋಟ ಜಾರಿದ್ರೆ ನೋಡ್ತಿದ್ದೆ. ಇದೇ ನಗು ನಗ್ತಾ ಕೂತಿರೋರು ಅಲ್ಲಿ." ತಮ್ಮ ಎಡಗಿವಿ ಮುಟ್ಟಿಕೊಂಡರು. "ಈ ಕಿವಿ ಕೇಳಲ್ಲ ನಂಗೆ. ಗೊತ್ತಾ ನಿಂಗೆ?"

ಗೊತ್ತಿತ್ತು. ಕಿವಿ ಸೋರಿ ಹಾಗಾಯಿತು ಅಂತ ಅಣ್ಣನೇ ಹೇಳಿದ್ದ. ಅದರ ಮೇಲೂ ಒಂದು ತಮಾಷೆ ಮಾಡಿದ್ದ, ನಾವೆಲ್ಲ ನಕ್ಕಿದ್ದೆವು, ಅತ್ತಿಗೆಯೂ ನಕ್ಕಿದ್ದರು.

"ಅಣ್ಣ ಅಂಥೋನಲ್ಲ..." ಅಂತ ನನ್ನ ಬಾಯಿ ತಾನಾಗಿಯೇ ಶುರುಮಾಡಿತು.

"ಹೂಂ, ಹೊರಗಡೆ ಅಂಥೋರಲ್ಲ. ನೀನು ಹೊರಗಡೆಯೋನು." ಸಿಟ್ಟಿನಿಂದ ಹೇಳಲಿಲ್ಲ, ಅಕ್ಕಿ ಮುಗಿದಿದೆ ಅಂತ ಹೇಳುವ ಹಾಗೆ ಹೇಳಿದರು. "ಆ ಛತ್ರಕ್ಕೆ ಎಲ್ಲೆಲ್ಲಿಂದಲೋ ಜನ ಬಂದು ಅವರನ್ನ ನೋಡಿ ಹೆದರ್ತಾರಂತೆ. ಹೆದರಲಿ ಬುಡು. ಅವರಿಗೆ ವಾಪಸ್ ಹೋಗೋಕೆ ಬಸ್ಸಿದೆ."

ನಾನು ಮೊಳೆಯನ್ನು ಜೇಬಿಗೆ ಹಾಕಿಕೊಂಡೆ. ಆ ಯುವಕನ ಮೇಲೆ ನಿನ್ನೆಯಿಂದ ಹೊಟ್ಟೆಯಲ್ಲಿ ಕುದಿಯುತ್ತಿದ್ದ ಅಸಹ್ಯ ಹಾಗೇ ಇತ್ತು. ಈಗ ಅದಕ್ಕೆ ಹೋಗೋದಕ್ಕೆ ಬೇರೆ ಜಾಗ ಸಿಕ್ಕಿತ್ತು. ಗೋಡೆಗೆ ಒರಗಿದ್ದ ಆ ಮೀಸೆ, ಆ ಅರ್ಧ ನಗು, ನಾನೇ ಒರೆಸಿ ಫಳಫಳ ಮಾಡಿದ ಗಾಜು. ನೋಡುತ್ತಾ ನೋಡುತ್ತಾ ಬಾಯಲ್ಲಿ ನೀರೂರಿ ವಾಕರಿಕೆ ಬಂತು.

"ಎಡೆ ಇಡಲ್ಲ ಅಂತ ಅನ್ಕೋಬೇಡ," ಅಂದರು ಅತ್ತಿಗೆ. "ಇಡ್ತೀನಿ. ಮಟನ್ ಮಾಡ್ತೀನಿ, ಅವರ ಬ್ರಾಂಡಿನೂ ತರಿಸ್ತೀನಿ. ಬಂದೋರು ಹಸ್ಕೊಂಡು ಹೋಗೋದು ಬೇಡ. ಉಂಡು ಹೋಗಲಿ. ಗೋಡೆ ಮೇಲೆ ಮಾತ್ರ ಬೇಡ."

ಬೆಡ್‌ಶೀಟಿನಲ್ಲಿ ಮತ್ತೆ ಸುತ್ತಿದೆ. ಅತ್ತಿಗೆ ಎದ್ದು ಬಂದು ಗಂಟು ಬಿಗಿ ಮಾಡಿಕೊಟ್ಟರು, ಸ್ಕೂಟರಿನಲ್ಲಿ ಜಾರಬಾರದು ಅಂತ. ಮೆಟ್ಟಿಲಿಳಿಯುವಾಗ ಕುಚ್ಚಿನ ಹೆಂಗಸರು ನಗುತ್ತಾ ಮೇಲೆ ಹತ್ತುತ್ತಿದ್ದರು. ನಾನು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆ.

ಮನೆಗೆ ಒಯ್ಯಬಹುದಿತ್ತು. ಸ್ಕೂಟರನ್ನು ಮನೆಯ ಕಡೆಗೆ ತಿರುಗಿಸಿಯೂ ಇದ್ದೆ. ಹೆಂಡತಿ ಬಡಿಸಿದ ಆ ಮತ್ತೊಂದು ಸೌಟು ಸಾರು ನೆನಪಾಯಿತು. ಅವಳಿಗೆ ಗೊತ್ತಿತ್ತು. ಮೊಹಲ್ಲಾದ ಹೆಂಗಸರಿಗೆಲ್ಲ ಗೊತ್ತಿದ್ದಿರಬೇಕು. ಅವಳ ಅಡುಗೆಮನೆಯ ಎದುರಿಗೆ ಇದನ್ನು ಹೇಗೆ ತಗುಲಿಸಲಿ? ಛತ್ರಕ್ಕೆ ವಾಪಸ್ ಒಯ್ದು ಆ ಮುರುಕಲು ಕುರ್ಚಿಯ ಮೇಲೆ ಇಡೋದಕ್ಕೆ ಕೈ ಬರಲಿಲ್ಲ. ಸೈಕಲ್ ಮುಂದೆ ಕೂರಿಸಿಕೊಂಡು ದೀಪ ತೋರಿಸಿದವನು ಅವನೇ ಅಲ್ಲವೇ, ಅದೂ ಸುಳ್ಳಲ್ಲ. ಕೊನೆಗೆ ಅಂಗಡಿಗೇ ತಂದೆ. ಗೋಡೆ ತುಂಬ ಮೊಳೆಗಳಿದ್ದವು, ಖಾಲಿಯಿದ್ದ ಒಂದಕ್ಕೆ ತಗುಲಿಸಿದೆ.

ಟೈಲರ್ ಇಣುಕಿ ನೋಡಿದ. ಯಾಕೆ ವಾಪಸ್ ತಂದೆ ಅಂತ ಕೇಳಲಿಲ್ಲ, ನನ್ನ ಮುಖ ಹಾಗಿದ್ದಿರಬೇಕು. ಹೋಗಿ ಮೆಷಿನ್ ತುಳಿಯತೊಡಗಿದ.

ಸಂಜೆಯ ಹೊತ್ತಿಗೆ ಒಬ್ಬ ಹೆಂಗಸು ಹೊಸಾ ಚಾಮುಂಡಿ ಪಟ ಹಿಡಿದುಕೊಂಡು ಕಟ್ಟು ಹಾಕಿಸೋದಕ್ಕೆ ಬಂದರು. ನಾನು ಅಳತೆ ತೆಗೆದುಕೊಳ್ಳುತ್ತಿದ್ದಾಗ ಅವರ ಕಣ್ಣು ಗೋಡೆಯ ಮೇಲೆ ಹೋಯಿತು.

"ಎಷ್ಟು ಲಕ್ಷಣವಾಗಿದಾರೆ, ಪಾಪ. ಮುಖದಲ್ಲಿ ಎಂಥಾ ಕಳೆ. ನಿಮ್ಮೋರಾ?" ಅಂದರು.

ಪಕ್ಕದಲ್ಲಿ ಮೆಷಿನ್ ನಿಂತಿತು.

"ಅಲ್ಲ ಕಣಮ್ಮ," ಅಂದೆ. "ಯಾರೋ ಬಿಟ್ಟು ಹೋದದ್ದು."